ಚಲಿಸುವ ಗುರಿ ಮತ್ತು ಮುಂಗುರಿಯ ಗಣಿತ

ನಿಂತಿರುವ ಗುರಿಗೆ ಎಸೆಯುವವನು ಗುರಿಯನ್ನೇ ನೋಡಿ ಎಸೆಯುತ್ತಾನೆ. ಚಲಿಸುತ್ತಿರುವ ಗುರಿಗೆ ಎಸೆಯುವವನು ಆ ಕ್ಷಣದಲ್ಲಿ ಏನೂ ಇಲ್ಲದ ಒಂದು ಎಡೆಯನ್ನು ನೋಡಿ ಎಸೆಯಬೇಕಾಗುತ್ತದೆ. ಬಿಲ್ಲಿನಿಂದ ಹೊರಟ ಬಾಣವಾಗಲಿ, ಕೋವಿಯಿಂದ ಹೊರಟ ಗುಂಡಾಗಲಿ, ಫಿರಂಗಿಯಿಂದ ಹೊರಟ ಶೆಲ್ಲಾಗಲಿ, ಗುರಿಯ ಬಳಿಗೆ ತಲುಪಲು ಒಂದಿಷ್ಟು ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಗುರಿ ತನ್ನ ದಾರಿಯಲ್ಲಿ ಮುಂದೆ ಸರಿದಿರುತ್ತದೆ. ಹಾರುವ ಹಕ್ಕಿಗೆ ಕಲ್ಲೆಸೆಯುವ ಹುಡುಗನಿಗೂ ಗೊತ್ತಿರುವ ಈ ಸಂಗತಿಯನ್ನು ಲೆಕ್ಕಕ್ಕೆ ತರುವುದು ಹೇಗೆ, ಆ ಲೆಕ್ಕ ಎಷ್ಟರ ಮಟ್ಟಿಗೆ ನಂಬತಕ್ಕದ್ದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕನ್ನಡ ಪೀಠದ ಸಂಶೋಧನ ಪತ್ರಿಕೆಯಲ್ಲಿ ಫಿರಂಗಿಯ ಗಣಿತಕ್ಕೆ ಏನು ಕೆಲಸವೆಂದು ಕೆಲವು ಓದುಗರು ಕೇಳಬಹುದು. ಇದಕ್ಕೆ ನಮ್ಮ ಉತ್ತರ ಎರಡು ಬಗೆಯದು. ಮೊದಲನೆಯದಾಗಿ, ಈ ಸಮಸ್ಯೆಯ ಅತ್ಯಂತ ಅಚ್ಚುಕಟ್ಟಾದ ಹಳೆಯ ರೂಪಗಳಲ್ಲೊಂದು ನಮ್ಮ ಶಾಸ್ತ್ರಗ್ರಂಥಗಳಲ್ಲಿಯೇ ಇದ್ದು, ಅದನ್ನು ಸಾಹಿತ್ಯದ ಒಂದು ಚೆಲುವಾದ ಚಿತ್ರವೆಂದು ಓದಿ ಮುಂದೆ ಸಾಗುವ ರೂಢಿ ನಮ್ಮಲ್ಲಿ ಬೆಳೆದಿದೆ. ಎರಡನೆಯದಾಗಿ, 12ನೆಯ ಶತಮಾನದಲ್ಲಿಯೇ ರಾಜಾದಿತ್ಯನು ವ್ಯವಹಾರಗಣಿತವನ್ನು ಬರೆದ ಭಾಷೆಯಲ್ಲಿ ಇಂತಹ ವಿಷಯಕ್ಕೆ ಮಾತು ಒದಗುವುದಿಲ್ಲವೆಂದು ಭಾವಿಸಲು ಕಾರಣವಿಲ್ಲ. ಒದಗಿಸಿಕೊಳ್ಳುವ ಯತ್ನವನ್ನು ಮಾತ್ರ ಮಾಡಬೇಕು. ಗುರಿಯಿರುವ ಸ್ಥಳಕ್ಕೂ ನಾವು ನಿಜವಾಗಿ ನೋಡಿ ಎಸೆಯಬೇಕಾದ ಸ್ಥಳಕ್ಕೂ ನಡುವಣ ಅಂತರವನ್ನು, ಮುಂಗಡ, ಮುಂಗಾರು, ಮುಂಗೈ ಮೊದಲಾದ ಪದಗಳ ಜಾಡಿನಲ್ಲಿ, ‘ಮುಂಗುರಿ’ ಎಂದು ಇಲ್ಲಿ ಕರೆದಿದ್ದೇವೆ. ಎಸೆದ ಕಾಯವೂ ಗುರಿಯೂ ಕೂಡುವ ಎಡೆಯನ್ನು ‘ಸಂಧಿಬಿಂದು’ ಎನ್ನೋಣ.

ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಬರುವ ನವಿಲು ಮತ್ತು ಹಾವಿನ ಲೆಕ್ಕವನ್ನು ಹಲವರು ಬಲ್ಲರು. 9 ಮೊಳ ಎತ್ತರದ ಕಂಬ. ಅದರ ಬುಡದಲ್ಲಿ ಹಾವಿನ ಬಿಲ. ತುದಿಯಲ್ಲಿ ಒಂದು ನವಿಲು. ಕಂಬದ ಎತ್ತರದ ಮೂರರಷ್ಟು ದೂರದಲ್ಲಿ, ಎಂದರೆ 27 ಮೊಳದಾಚೆ, ಬಿಲದತ್ತ ಬರುತ್ತಿರುವ ಹಾವನ್ನು ಕಂಡ ನವಿಲು ಓರೆಯಾಗಿ ಅದರ ಮೇಲೆ ಎರಗುತ್ತದೆ. ಎರಡೂ ಸಮನಾದ ದೂರವನ್ನು ಕ್ರಮಿಸಿದರೆ, ಬಿಲದಿಂದ ಎಷ್ಟು ಮೊಳ ದೂರದಲ್ಲಿ ಅವು ಕೂಡುತ್ತವೆ ಎಂಬುದು ಪ್ರಶ್ನೆ. ಕಂಬದ ವರ್ಗವಾದ 81ನ್ನು 27ರಿಂದ ಭಾಗಿಸಬೇಕು. ಬಂದ 3ನ್ನು 27ರಲ್ಲಿ ಕಳೆದು, ಉಳಿದ 24ನ್ನು ಅರ್ಧಿಸಬೇಕು. ಬಿಲದಿಂದ 12 ಮೊಳ ದೂರದಲ್ಲಿ ಅವು ಕೂಡುತ್ತವೆ. ಆ ವೇಳೆಗೆ ಹಾವು 15 ಮೊಳ ಹರಿದಿರುತ್ತದೆ; 9 ಮತ್ತು 12 ಭುಜಗಳಾಗಿರುವ ತ್ರಿಕೋನದ ಕರ್ಣವೂ 15 ಆದುದರಿಂದ ನವಿಲು ಹಾರಿದ್ದೂ 15 ಮೊಳವೇ.

ಲೆಕ್ಕ ಭಾಸ್ಕರಾಚಾರ್ಯನಿಗಿಂತ ಹಳೆಯದು. ಅವನಿಗೆ 500 ವರ್ಷಗಳಷ್ಟು ಹಿಂದೆ, ಕ್ರಿ.ಶ. 629ರಲ್ಲಿ, ಆರ್ಯಭಟೀಯಕ್ಕೆ ಭಾಷ್ಯ ಬರೆದ ಒಂದನೆಯ ಭಾಸ್ಕರನು ಗಿಡುಗ ಮತ್ತು ಇಲಿಯ ಉದಾಹರಣೆಯನ್ನು ಕೊಟ್ಟಿದ್ದಾನೆ. 12 ಮೊಳ ಎತ್ತರದ ಗೋಡೆಯ ಮೇಲೆ ಗಿಡುಗ; ಗೋಡೆಯ ಬುಡದಿಂದ 24 ಮೊಳ ದೂರದಲ್ಲಿ ಇಲಿ; ಇಲಿಯ ಮನೆ ಗೋಡೆಯಲ್ಲಿ. ಇಲಿಯು ಗೋಡೆಯಿಂದ 9 ಮೊಳ ದೂರದಲ್ಲಿ, 15 ಮೊಳ ಓಡಿದ ಮೇಲೆ ಸಿಕ್ಕಿಬೀಳುತ್ತದೆ. ಇದನ್ನು ಅವನು ವೃತ್ತದ ಗುಣದಿಂದ ಬಿಡಿಸುತ್ತಾನೆ ಎಂಬುದು ಗಮನಾರ್ಹ. ಸಂಧಿಬಿಂದುವಿನಿಂದ ಗಿಡುಗವಿದ್ದ ಸ್ಥಳಕ್ಕೂ ಇಲಿಯಿದ್ದ ಸ್ಥಳಕ್ಕೂ ಒಂದೇ ದೂರ. ಆದುದರಿಂದ ಸಂಧಿಬಿಂದುವನ್ನು ಕೇಂದ್ರವಾಗಿ ಇಟ್ಟುಕೊಂಡ ಒಂದು ವೃತ್ತದ ಮೇಲೆ ಅವೆರಡೂ ಇರುತ್ತವೆ. ಗೋಡೆ ಅರ್ಧಜ್ಯೆಯಾಗುತ್ತದೆ, ಅದರ ವರ್ಗವಾದ 144 ವ್ಯಾಸದ ಎರಡು ತುಂಡುಗಳ ಗುಣಲಬ್ಧಕ್ಕೆ ಸಮ. ಒಂದು ತುಂಡು 24 ಆದುದರಿಂದ ಮತ್ತೊಂದು 6. ವ್ಯಾಸ 30, ತ್ರಿಜ್ಯ 15. ಎರಡನೆಯ ಭಾಸ್ಕರನ ಊರಾದ ವಿಜ್ಜಡವಿಡವು ಇಂದಿನ ವಿಜಯಪುರವೋ, ಅಥವಾ ಅವನ ವಂಶಜರ ಶಾಸನ ದೊರೆತಿರುವ ಜಳಗಾಂವ್ ಜಿಲ್ಲೆಯ ಪಾಟಣದ ಆಸುಪಾಸಿನದೋ ಎಂಬ ಚರ್ಚೆಯಲ್ಲಿ ನಮ್ಮ ವಿದ್ವಾಂಸರು ವ್ಯಯಿಸಿರುವ ಶ್ರಮದ ಒಂದು ಪಾಲು ಈ ವೃತ್ತಕ್ಕೂ ಸಂದಿದ್ದರೆ ಒಳ್ಳೆಯದಿತ್ತು.

ಈ ಎರಡು ಲೆಕ್ಕಗಳಲ್ಲಿಯೂ ವರ್ಗಮೂಲ ತೆಗೆಯುವ ಪ್ರಮೇಯ ಬರುವುದಿಲ್ಲ, ಭಾಗಾಕಾರವೊಂದೇ ಸಾಕಾಗುತ್ತದೆ. ಏಕೆಂಬುದನ್ನು ಅರಿಯಲು ಸಮಸ್ಯೆಯ ಸಾಮಾನ್ಯ ರೂಪವನ್ನು ನೋಡಬೇಕು. ಎಸೆಯುವ ಕ್ಷಣದಲ್ಲಿ ಗುರಿ ಎಲ್ಲಿದೆ, ಯಾವ ದಿಕ್ಕಿಗೆ ಎಷ್ಟು ವೇಗದಿಂದ ಹೋಗುತ್ತಿದೆ ಎಂಬುದು ತಿಳಿದಿರಲಿ. ಎಸೆದ ಕಾಯದ ವೇಗವೂ ತಿಳಿದಿರಲಿ. ಇಷ್ಟು ಸೆಕೆಂಡುಗಳ ತರುವಾಯ ಗುರಿಯಿರುವ ದೂರ, ಅಷ್ಟೇ ಸೆಕೆಂಡುಗಳಲ್ಲಿ ಕಾಯ ಕ್ರಮಿಸುವ ದೂರಕ್ಕೆ ಸಮನಾಗಬೇಕು ಎಂಬುದೊಂದೇ ನಿಬಂಧನೆ. ಎರಡು ಪಕ್ಕಗಳನ್ನೂ ವರ್ಗಿಸಿದಾಗ ಕಾಲವನ್ನು ಅವ್ಯಕ್ತವಾಗಿ ಉಳ್ಳ ಒಂದು ವರ್ಗಸಮೀಕರಣ ದೊರೆಯುತ್ತದೆ. ಅದರಲ್ಲಿ ಕಾಲದ ವರ್ಗವನ್ನು ಗುಣಿಸುವ ಸಂಖ್ಯೆ ಎಂದರೆ ಕಾಯದ ವೇಗದ ವರ್ಗ ಮತ್ತು ಗುರಿಯ ವೇಗದ ವರ್ಗಗಳ ವ್ಯತ್ಯಾಸ. ವೇಗಗಳು ಸಮವಾದಾಗ ಈ ವ್ಯತ್ಯಾಸ ಸೊನ್ನೆಯಾಗಿ ವರ್ಗಪದ ಬಿದ್ದುಹೋಗುತ್ತದೆ. ಉಳಿಯುವುದು ಭಾಗಾಕಾರದಿಂದ ಬಿಡಿಸಬಹುದಾದ ಸರಳ ಸಮೀಕರಣ. ಆಚಾರ್ಯರು ‘ಸಮಗತಿ’ಯ ನಿಬಂಧನೆಯನ್ನು ಹಾಕಿದುದು ಕಥೆಯ ಅಂದಕ್ಕೆ ಮಾತ್ರವಲ್ಲ.

ಕಾಯವು ಗುರಿಗಿಂತ ವೇಗವಾಗಿದ್ದರೆ ಸಮೀಕರಣಕ್ಕೆ ಧನಾತ್ಮಕವಾದ ಉತ್ತರ ಒಂದು ಇದ್ದೇ ಇರುತ್ತದೆ. ಗುರಿ ಯಾವ ದಿಕ್ಕಿಗೆ ಓಡಿದರೂ ಸಿಕ್ಕುತ್ತದೆ. ಗುರಿಯೇ ಹೆಚ್ಚು ವೇಗವುಳ್ಳದ್ದಾದರೆ ಉತ್ತರವೇ ಇಲ್ಲದಿರಬಹುದು, ಅಥವಾ ಗುರಿ ನಮ್ಮತ್ತ ಬರುತ್ತಿದ್ದಲ್ಲಿ ಎರಡು ಉತ್ತರಗಳಿರಬಹುದು.

ಒಂದು ಉದಾಹರಣೆ. 3,000 ಮೀಟರ್ ದೂರದಲ್ಲಿ, ನಮ್ಮ ದೃಷ್ಟಿರೇಖೆಗೆ ಲಂಬವಾಗಿ, ಸೆಕೆಂಡಿಗೆ 100 ಮೀಟರ್ ವೇಗದಿಂದ ಹೋಗುತ್ತಿರುವ ವಿಮಾನಕ್ಕೆ ಸೆಕೆಂಡಿಗೆ 500 ಮೀಟರ್ ವೇಗದ ಶೆಲ್ಲನ್ನು ಹಾರಿಸಬೇಕೆನ್ನೋಣ. ಸಮೀಕರಣವನ್ನು ಬಿಡಿಸಿದರೆ ಕಾಲ 6.12 ಸೆಕೆಂಡು, ಮುಂಗುರಿ 612 ಮೀಟರ್. ಕೋನದ ಲೆಕ್ಕದಲ್ಲಿ ಇದು ಸುಮಾರು 11½ ಡಿಗ್ರಿ. ದೂರ 3,000ದ ಬದಲು 1,000 ಮೀಟರ್ ಆಗಿದ್ದರೂ ಮುಂಗುರಿಯ ಕೋನ ಇದೇ ಆಗಿರುತ್ತಿತ್ತು ಎಂಬುದು ಮೊದಲ ನೋಟಕ್ಕೆ ಅಚ್ಚರಿಯ ಸಂಗತಿ. ಈ ಕೋನದ ಜ್ಯೆ ಎರಡು ವೇಗಗಳ ಅನುಪಾತವನ್ನೂ ಗುರಿ ಸಾಗುವ ದಿಕ್ಕನ್ನೂ ಮಾತ್ರ ಅವಲಂಬಿಸಿದೆ, ದೂರವನ್ನಲ್ಲ. ಅನುಭವಿಯಾದ ಬೇಟೆಗಾರ ದೂರವನ್ನು ಅಳೆಯದೆಯೇ ಹಕ್ಕಿಯ ಮುಂದೆ ‘ಇಷ್ಟು’ ಎಂದು ಕೋವಿಯನ್ನು ಸರಿಸಿ ಹೊಡೆಯುವುದು ಈ ಕಾರಣದಿಂದ ಸಾಧ್ಯವಾಗುತ್ತದೆ.

ಆದರೆ ನಿಜವಾದ ಶೆಲ್ಲು ಸಮವೇಗದಿಂದ ಹೋಗುವುದಿಲ್ಲ. ಗಾಳಿಯ ತಡೆಯಿಂದ ಅದರ ವೇಗ ಕುಂದುತ್ತದೆ. ಗುರುತ್ವದಿಂದ ಅದರ ದಾರಿ ಬಾಗುತ್ತದೆ. ಆಗ ಮೇಲಿನ ಸಮೀಕರಣ ಕೈಕೊಡುತ್ತದೆ. ಫಿರಂಗಿದಳದವರು ಅನುಸರಿಸಿದ ಮಾರ್ಗ ಬೇರೆ. ಯಾವ ಎತ್ತರ ಮತ್ತು ದೂರಕ್ಕೆ ಶೆಲ್ಲು ತಲುಪಲು ಎಷ್ಟು ಸೆಕೆಂಡು ಬೇಕೆಂಬುದನ್ನು ಮೊದಲೇ ಕೋಷ್ಟಕಗಳಲ್ಲಿ ಸಿದ್ಧಪಡಿಸಿಟ್ಟುಕೊಳ್ಳುವುದು. ಬಳಿಕ ಒಂದು ಊಹೆಯಿಂದ ಹೊರಟು ಅದನ್ನು ತಿದ್ದುತ್ತ ಹೋಗುವುದು. ನಮ್ಮ ಉದಾಹರಣೆಯಲ್ಲಿಯೇ ಇದನ್ನು ಮಾಡಿ ನೋಡಬಹುದು. ಗುರಿ ಈಗಿರುವ ದೂರಕ್ಕೆ 6 ಸೆಕೆಂಡು ಸಾಕು, ಅಷ್ಟರಲ್ಲಿ ಗುರಿ 600 ಮೀಟರ್ ಸರಿಯುತ್ತದೆ, ಆ ಹೊಸ ಸ್ಥಳದ ದೂರ 3,059 ಮೀಟರ್, ಅದಕ್ಕೆ 6.119 ಸೆಕೆಂಡು, ಆಗ ಗುರಿ 611.9 ಮೀಟರ್ ಸರಿದಿರುತ್ತದೆ, ಅಲ್ಲಿಗೆ 6.124 ಸೆಕೆಂಡು. ಮೂರನೆಯ ಸುತ್ತಿನಲ್ಲಿಯೇ ಉತ್ತರ ನಿಂತುಬಿಡುತ್ತದೆ. ಕೋಷ್ಟಕ ಎಷ್ಟೇ ಜಟಿಲವಾಗಿರಲಿ, ಶೆಲ್ಲು ಗುರಿಗಿಂತ ಸಾಕಷ್ಟು ವೇಗವಾಗಿರುವ ತನಕ ಈ ವಿಧಾನ ಬೇಗನೆ ಉತ್ತರಕ್ಕೆ ಮುಟ್ಟುತ್ತದೆ. ಇಂತಹ ಕೋಷ್ಟಕಗಳನ್ನು ತಯಾರಿಸುವ ಶ್ರಮ ಅಪಾರವಾದುದು. ಅಮೆರಿಕದ ಎನಿಯಾಕ್ ಗಣಕಯಂತ್ರವನ್ನು ನಿರ್ಮಿಸಲು ಹಣ ಒದಗಿದುದು ಈ ಶ್ರಮವನ್ನು ಇಳಿಸುವುದಕ್ಕಾಗಿಯೇ.

ಇಲ್ಲಿಯವರೆಗಿನದು ಗಣಿತ, ಅದರಲ್ಲಿ ವಿವಾದಕ್ಕೆ ಎಡೆಯಿಲ್ಲ. ತೊಡಕು ಇರುವುದು ಲೆಕ್ಕದ ಮೊದಲ ಸಾಲಿನಲ್ಲಿ, ‘ಗುರಿ ಹೀಗೆಯೇ ಸಾಗಿದರೆ’ ಎಂಬ ಮಾತಿನಲ್ಲಿ. ಲೀಲಾವತಿಯ ಹಾವು ಬಿಲಕ್ಕೆ ಹೋಗುತ್ತಿದೆ. ಗಿಡುಗವನ್ನು ಕಂಡ ಇಲಿಗೂ ಗೋಡೆಯಲ್ಲಿರುವ ಮನೆಯ ಹೊರತು ಬೇರೆ ಆಸರೆಯಿಲ್ಲ. ಪ್ರಾಣಿಯ ಉದ್ದೇಶವನ್ನು ಹೇಳಿಬಿಡುವುದರ ಮೂಲಕ ಆಚಾರ್ಯರು ಅದರ ಭವಿಷ್ಯವನ್ನು ನಿಶ್ಚಯಿಸಿಬಿಟ್ಟಿದ್ದಾರೆ. ಬಿಲವನ್ನು ತೆಗೆದುಹಾಕಿದರೆ ಲೆಕ್ಕವೇ ಉಳಿಯುವುದಿಲ್ಲ. ನಮ್ಮ ಮಹಾಭಾರತ ಪರಂಪರೆಯ ಮತ್ಸ್ಯಯಂತ್ರವೂ ಈ ದೃಷ್ಟಿಯಿಂದ ಸುಲಭದ ಗುರಿಯೇ: ಸುತ್ತುವ ಯಂತ್ರ ಒಂದೇ ದಾರಿಯಲ್ಲಿ ಮರಳಿ ಮರಳಿ ಬರುತ್ತದೆ, ಜನರ ನಡುವೆ ಪ್ರಚಲಿತವಾದ ಕಥೆಯಲ್ಲಿ ಅರ್ಜುನನಿಗಿದ್ದ ಕಷ್ಟ ನೀರಿನ ಪ್ರತಿಬಿಂಬವನ್ನು ನೋಡಿ ಹೊಡೆಯುವುದಾಗಿತ್ತೇ ಹೊರತು ಮೀನು ಮುಂದೆ ಏನು ಮಾಡೀತೆಂಬ ಸಂಶಯವಲ್ಲ. ಸ್ವಂತ ಬುದ್ಧಿಯಿಂದ ನಡೆಯುವ ಗುರಿ ಎದುರಾದಾಗ, ಬಿಲದ ಜಾಗದಲ್ಲಿ ಏನನ್ನು ಇಡಬೇಕೆಂಬ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಗರಗಳ ಅಳಿವು ಉಳಿವಿನ ಪ್ರಶ್ನೆಯಾಯಿತು. ಬ್ರಿಟನ್ನಿನ 3.7 ಅಂಗುಲದ ವಿಮಾನವಿರೋಧಿ ಫಿರಂಗಿಯ ಶೆಲ್ಲು ಸೆಕೆಂಡಿಗೆ ಸುಮಾರು 790 ಮೀಟರ್ ವೇಗದಿಂದ ಹೊರಡುತ್ತಿದ್ದಿತಾದರೂ, ಎತ್ತರದಲ್ಲಿ ಹಾರುವ ಬಾಂಬರ್ ವಿಮಾನವನ್ನು ತಲುಪಲು 20 ಸೆಕೆಂಡುಗಳಷ್ಟು ಹಿಡಿಯುವುದಿತ್ತು. ಗಂಟೆಗೆ 400 ಕಿಲೋಮೀಟರ್ ವೇಗದ ವಿಮಾನ ಅಷ್ಟರಲ್ಲಿ 2 ಕಿಲೋಮೀಟರಿಗೂ ಮೀರಿ ಸಾಗಿರುತ್ತದೆ. ಹೀಗಾಗಿ ಫಿರಂಗಿಯ ಬಾಯಿ ವಿಮಾನದ ಕಡೆಗಿರದೆ ಬರಿಯ ಆಕಾಶದ ಕಡೆಗಿರುತ್ತಿತ್ತು. ಶೆಲ್ಲು ಸಿಡಿಯಬೇಕಾದ ಕ್ಷಣವನ್ನು ಹೊರಡುವ ಮೊದಲೇ ಅದರ ಫ್ಯೂಸಿನಲ್ಲಿ ನಿಗದಿಪಡಿಸಬೇಕಾಗಿತ್ತು; ಶೆಲ್ಲನ್ನು ತುಂಬುವುದಕ್ಕೆ ಹಿಡಿಯುವ ಸೆಕೆಂಡುಗಳೂ ಲೆಕ್ಕಕ್ಕೆ ಸೇರಬೇಕಾಗಿತ್ತು.

ಈ ಕೆಲಸಕ್ಕೆ ‘ಪ್ರಿಡಿಕ್ಟರ್’ ಎಂಬ ಯಂತ್ರಗಳಿದ್ದವು. ಸೈನಿಕರು ದೂರದರ್ಶಕದಲ್ಲಿ ವಿಮಾನವನ್ನು ಹಿಂಬಾಲಿಸುತ್ತ ಹಿಡಿಕೆಗಳನ್ನು ತಿರುಗಿಸುತ್ತಿದ್ದರು. ತಿರುಗಿಸುವ ಗತಿಯಿಂದ ಯಂತ್ರವು ವಿಮಾನದ ವೇಗವನ್ನು ಕಂಡುಕೊಂಡು, ಹಲ್ಲುಗಾಲಿಗಳ ಮೂಲಕ ಮುಂಗುರಿಯನ್ನು ಲೆಕ್ಕ ಹಾಕುತ್ತಿತ್ತು. ಬೋಫೋರ್ಸ್ 40 ಮಿಲಿಮೀಟರ್ ಫಿರಂಗಿಯೊಡನೆ ಬಳಕೆಯಾದ ಕೆರಿಸನ್ ಪ್ರಿಡಿಕ್ಟರ್ ಇಂತಹವುಗಳಲ್ಲೊಂದು. ಅಮೆರಿಕದ ಬೆಲ್ ಪ್ರಯೋಗಾಲಯದ ತರುಣ ಎಂಜಿನಿಯರ್ ಡೇವಿಡ್ ಪಾರ್ಕಿನ್‌ಸನ್ 1940ರಲ್ಲಿ ಒಂದು ಕನಸು ಕಂಡನೆಂದೂ, ಅದರಲ್ಲಿ ಗುರಿ ತಪ್ಪದ ಒಂದು ಫಿರಂಗಿಯ ಪಕ್ಕಕ್ಕೆ ತಾನು ದಿನವೂ ಬಳಸುತ್ತಿದ್ದ ಪೊಟೆನ್ಷಿಯೋಮೀಟರ್ ಜೋಡಿಸಲ್ಪಟ್ಟಿತ್ತೆಂದೂ ಆ ಕಾಲದ ಚರಿತ್ರೆಯಲ್ಲಿ ದಾಖಲಾಗಿದೆ. ಕನಸಿನ ಮಾತು ಹೇಗೇ ಇರಲಿ, ಹಲ್ಲುಗಾಲಿಗಳ ಸ್ಥಾನದಲ್ಲಿ ವಿದ್ಯುತ್ತಿನ ವೋಲ್ಟೇಜುಗಳಿಂದಲೇ ಲೆಕ್ಕ ಮಾಡುವ ಎಂ-9 ಎಂಬ ಯಂತ್ರ ಅದರಿಂದ ಹುಟ್ಟಿತು.

ಯಂತ್ರವೇನೋ ಬಂದಿತು, ಗುರಿ ನೇರವಾಗಿ, ಸಮವೇಗದಿಂದ ಹಾರುವುದೆಂಬ ಊಹೆ ಮಾತ್ರ ಹಾಗೆಯೇ ಉಳಿಯಿತು. ಈ ಊಹೆ ತಪ್ಪಿದರೆ ಎಷ್ಟು ನಷ್ಟವೆಂಬುದನ್ನು ಸುಲಭವಾಗಿ ಅಂದಾಜು ಮಾಡಬಹುದು. ಚಾಲಕ ವಿಮಾನವನ್ನು ಸ್ವಲ್ಪ ಓರೆಮಾಡಿ, ಗುರುತ್ವದ ಅರ್ಧದಷ್ಟು ವೇಗೋತ್ಕರ್ಷದಿಂದ ಪಕ್ಕಕ್ಕೆ ಹೊರಳಿದನೆನ್ನೋಣ. 20 ಸೆಕೆಂಡುಗಳಲ್ಲಿ ಅವನು ನಾವೆಣಿಸಿದ ಸ್ಥಳದಿಂದ ಸುಮಾರು 1,000 ಮೀಟರ್ ದೂರ ಹೋಗಿರುತ್ತಾನೆ. 10 ಸೆಕೆಂಡುಗಳಾದರೆ ಈ ದೂರ ಸುಮಾರು 250 ಮೀಟರಿಗೆ ಇಳಿಯುತ್ತದೆ. ದೋಷವು ಕಾಲದ ವರ್ಗದಂತೆ ಬೆಳೆಯುವುದರಿಂದ, ಕಾಲವನ್ನು ಅರ್ಧಕ್ಕಿಳಿಸಿದರೆ ದೋಷ ಕಾಲುಭಾಗವಾಗುತ್ತದೆ. ಲೆಕ್ಕವನ್ನು ಇನ್ನಷ್ಟು ನಯಗೊಳಿಸುವುದಕ್ಕಿಂತ ಶೆಲ್ಲಿನ ವೇಗವನ್ನು ಹೆಚ್ಚಿಸುವುದು ಎಷ್ಟೋ ಮಿಗಿಲೆಂಬುದು ನಮ್ಮ ಅಭಿಪ್ರಾಯ. ಆದರೆ ಲೋಹವೂ ಸಿಡಿಮದ್ದೂ ಅದಕ್ಕೆ ಬೇಗನೆ ಮಿತಿಯನ್ನು ಹಾಕುತ್ತವೆ.

ಲಂಡನ್ ನಗರದ ಮೇಲಿನ ದಾಳಿಯ ಆರಂಭದಲ್ಲಿ ಒಂದು ವಿಮಾನವನ್ನು ಕೆಡವಲು ಸುಮಾರು 20,000 ಶೆಲ್ಲುಗಳು ವ್ಯಯವಾಗುತ್ತಿದ್ದವು. ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಮತ್ತು ಅವರ ಸಂಗಡಿಗರು ರೇಡಾರ್ ಮತ್ತು ಪ್ರಿಡಿಕ್ಟರುಗಳನ್ನು ಹೊಂದಿಸಿ ಬಳಸುವ ಕ್ರಮವನ್ನು ರೂಪಿಸಿದ ಮೇಲೆ, 1941ರ ಬೇಸಗೆಯ ವೇಳೆಗೆ ಈ ಸಂಖ್ಯೆ ಸುಮಾರು 4,000ಕ್ಕೆ ಇಳಿಯಿತು. ಬ್ಲ್ಯಾಕೆಟ್ ಅವರೇ ಹೇಳುವ ಒಂದು ಪ್ರಸಂಗ ಅಂಕಿಅಂಶಗಳೊಡನೆ ಕೆಲಸ ಮಾಡುವ ಎಲ್ಲ ಸಂಶೋಧಕರಿಗೂ ಉಪಯುಕ್ತ. ಕಡಲಂಚಿನ ಫಿರಂಗಿಗಳು ಒಳನಾಡಿನವುಗಳಿಗಿಂತ ಕಡಿಮೆ ಶೆಲ್ಲುಗಳಿಂದ ಹೆಚ್ಚು ವಿಮಾನಗಳನ್ನು ಕೆಡವುತ್ತಿದ್ದಂತೆ ಕಂಡಿತು. ಇದಕ್ಕೆ ನಾನಾ ಕಾರಣಗಳನ್ನು ಊಹಿಸಿ ಸೋತ ಬಳಿಕ ನಿಜಾಂಶ ಹೊಳೆಯಿತು: ಒಳನಾಡಿನಲ್ಲಿ ಬಿದ್ದ ವಿಮಾನವನ್ನು ಹೋಗಿ ಎಣಿಸಬಹುದು, ಕಡಲಿನಲ್ಲಿ ಬಿದ್ದಿತೆಂಬ ಮಾತನ್ನು ಪರೀಕ್ಷಿಸುವವರಿರಲಿಲ್ಲ.

ಬಿಲದ ಜಾಗದಲ್ಲಿ ಏನನ್ನಿಡಬೇಕು ಎಂಬ ಪ್ರಶ್ನೆಯನ್ನು ಅದರ ಬುಡದಲ್ಲಿಯೇ ಹಿಡಿದವರು ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಗಣಿತಜ್ಞ ನಾರ್ಬರ್ಟ್ ವೀನರ್. 1940ರ ಕೊನೆಯಿಂದ ಅವರು ಎಂಜಿನಿಯರ್ ಜೂಲಿಯನ್ ಬಿಗೆಲೋ ಅವರೊಡನೆ ಈ ಕೆಲಸದಲ್ಲಿ ತೊಡಗಿದರು. ಅವರ ವಾದಸರಣಿ ಇದು: ಚಾಲಕ ತಪ್ಪಿಸಿಕೊಳ್ಳಲು ಅತ್ತಿತ್ತ ಹೊರಳುತ್ತಾನೆ, ನಿಜ, ಆದರೆ ಅವನ ಹೊರಳಾಟ ಪೂರ್ಣ ಸ್ವೇಚ್ಛೆಯದಲ್ಲ. ವಿಮಾನದ ಭಾರ, ರೆಕ್ಕೆಗಳ ಬಲ, ಭಯದಲ್ಲಿರುವ ಮನುಷ್ಯನ ಅಭ್ಯಾಸಬಲ, ಇವೆಲ್ಲ ಸೇರಿ ಅದಕ್ಕೆ ಒಂದು ಸಂಖ್ಯಾಶಾಸ್ತ್ರೀಯ ಸ್ವರೂಪವನ್ನು ಕೊಡುತ್ತವೆ. ಹಿಂದಿನ ಕೆಲವು ಸೆಕೆಂಡುಗಳ ದಾರಿಗೂ ಮುಂದಿನ ಕೆಲವು ಸೆಕೆಂಡುಗಳ ದಾರಿಗೂ ಇರುವ ಸಹಸಂಬಂಧವನ್ನು ಅಳೆದರೆ, ಸರಾಸರಿಯಲ್ಲಿ ಅತ್ಯಂತ ಕಡಿಮೆ ದೋಷವುಳ್ಳ ಊಹೆಯನ್ನು ಗಣಿತದಿಂದಲೇ ಪಡೆಯಬಹುದು. ಪ್ರಯೋಗಾಲಯದ ಗೋಡೆಯ ಮೇಲೆ ಓಡಾಡುವ ಒಂದು ಬೆಳಕಿನ ಚುಕ್ಕೆಯನ್ನು ಮತ್ತೊಂದು ಚುಕ್ಕೆಯಿಂದ ಹಿಂಬಾಲಿಸುವಂತೆ ಮನುಷ್ಯನಿಗೆ ಹೇಳಿ, ಅವನ ಕೈಯ ಹಿಡಿಕೆಯನ್ನು ಬೇಕೆಂದೇ ಜಡವಾಗಿಸಿ, ಚಾಲಕನ ವರ್ತನೆಯನ್ನು ಅವರು ಅನುಕರಿಸಿದರು. 1942ರಲ್ಲಿ ಸಿದ್ಧವಾದ ಅವರ ವರದಿ, ಅದರ ಹಳದಿ ರಕ್ಷಾಪುಟ ಮತ್ತು ಕಠಿಣ ಗಣಿತಗಳ ಕಾರಣದಿಂದ, ಎಂಜಿನಿಯರುಗಳ ನಡುವೆ ‘ಹಳದಿ ಗಂಡಾಂತರ’ವೆಂದು ಹೆಸರಾಯಿತು. ಇದೇ ಬಗೆಯ ಸಿದ್ಧಾಂತವನ್ನು ರಷ್ಯದ ಕೋಲ್ಮೊಗೊರೊವ್ 1941ರಲ್ಲಿ ಸ್ವತಂತ್ರವಾಗಿ ಪ್ರಕಟಿಸಿದ್ದರು.

ಆದರೆ ನಿಜವಾದ ವಿಮಾನಗಳ ದಾರಿಗಳ ಮೇಲೆ ಪರೀಕ್ಷಿಸಿದಾಗ ವೀನರ್ ವಿಧಾನ ಸರಳವಾದ ನೇರರೇಖೆಯ ಊಹೆಗಿಂತ ಗಣನೀಯವಾಗಿ ಮೇಲಾಗಲಿಲ್ಲ. ಇದಕ್ಕೆ ಕಾರಣ ಗಣಿತದ ಕೊರತೆಯಲ್ಲ. ಸಂಖ್ಯಾಶಾಸ್ತ್ರ ಅನೇಕ ಸಲ ಮರುಕಳಿಸುವ ವಸ್ತುವನ್ನು ಬೇಡುತ್ತದೆ. ಫಿರಂಗಿಯ ಮೇಲೆ ಹಾದುಹೋಗುವ ಒಂದು ವಿಮಾನದ ದಾರಿ ಕೆಲವೇ ಸೆಕೆಂಡುಗಳ ಕಾಲ ಕಾಣುತ್ತದೆ, ಅದರಲ್ಲಿಯೂ ಅಳತೆಯ ದೋಷಗಳು ಬೆರೆತಿರುತ್ತವೆ. ಅಷ್ಟು ಅಲ್ಪವಾದ ಭೂತಕಾಲದಿಂದ ಪಡೆಯಬಹುದಾದ ಭವಿಷ್ಯವೂ ಅಲ್ಪವೇ. 1942ರ ಕೊನೆಯ ವೇಳೆಗೆ ಯುದ್ಧೋಪಯೋಗಿ ಯಂತ್ರವಾಗಿ ಅದನ್ನು ಮುಂದುವರಿಸುವ ಯೋಚನೆ ನಿಂತುಹೋಯಿತು.

ಇದಾದ ಬಳಿಕ ನಡೆದ ಸಂಗತಿ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. 1944ರ ಜೂನ್ 13ರಿಂದ ಜರ್ಮನಿಯು ವಿ-1 ಎಂಬ ಚಾಲಕನಿಲ್ಲದ ಹಾರುವ ಬಾಂಬುಗಳನ್ನು ಲಂಡನ್ನಿನ ಮೇಲೆ ಬಿಡತೊಡಗಿತು. ಗಂಟೆಗೆ ಸುಮಾರು 640 ಕಿಲೋಮೀಟರ್ ವೇಗ. 600ರಿಂದ 900 ಮೀಟರುಗಳಷ್ಟೇ ಎತ್ತರ. ಆರಂಭದಲ್ಲಿ ಫಿರಂಗಿಗಳ ಸಾಧನೆ ಹೇಳಿಕೊಳ್ಳುವಂತಹುದಾಗಿರಲಿಲ್ಲ. ಜುಲೈ ಮಧ್ಯಭಾಗದಲ್ಲಿ ಅವುಗಳನ್ನು ಕಡಲಂಚಿಗೆ ಸಾಗಿಸಿ, ಎಸ್‌ಸಿಆರ್-584 ರೇಡಾರ್, ಎಂ-9 ಯಂತ್ರ, ಗುರಿಯ ಸಮೀಪಕ್ಕೆ ಬಂದಾಗ ತಾನಾಗಿ ಸಿಡಿಯುವ ರೇಡಿಯೋ ಫ್ಯೂಸು, ಈ ಮೂರನ್ನೂ ಒಟ್ಟುಗೂಡಿಸಿದ ಬಳಿಕ ಚಿತ್ರವೇ ಬದಲಾಯಿತು. ಆಗಸ್ಟ್ ಕೊನೆಯ ವೇಳೆಗೆ ಫಿರಂಗಿಗಳ ವ್ಯಾಪ್ತಿಗೆ ಬಂದ ಬಾಂಬುಗಳಲ್ಲಿ ಹೆಚ್ಚಿನವು ಲಂಡನ್ ತಲುಪದೆ ಬಿದ್ದವು. ಈ ಯಶಸ್ಸನ್ನು ಯಂತ್ರಗಳ ಚಾತುರ್ಯಕ್ಕೆ ಮಾತ್ರ ಆರೋಪಿಸುವ ಬರಹಗಳೇ ಹೆಚ್ಚು. ನಮಗೆ ಕಾಣುವಂತೆ ಕಾರಣದ ಅರ್ಧಭಾಗ ಗುರಿಯಲ್ಲಿಯೇ ಇತ್ತು. ವಿ-1ರಲ್ಲಿ ಭಯಪಡುವ, ಹೊರಳುವ, ಹಿಂದಿರುಗುವ ಮನುಷ್ಯನಿರಲಿಲ್ಲ. ಅದು ಲಂಡನ್ನಿನತ್ತ ಮುಖಮಾಡಿ, ನೇರವಾಗಿ, ಸಮವೇಗದಿಂದ ಹಾರುತ್ತಿತ್ತು. ಬಿಲದತ್ತ ಹರಿಯುವ ಲೀಲಾವತಿಯ ಹಾವು ಆಕಾಶದಲ್ಲಿ ಕಾಣಿಸಿಕೊಂಡಂತಾಯಿತು. ಲೆಕ್ಕದ ಮೊದಲ ಸಾಲು ಮೊದಲ ಬಾರಿಗೆ ನಿಜವಾಯಿತು.

ವೀನರ್ ಅವರ ಕೆಲಸ ವ್ಯರ್ಥವಾಗಲಿಲ್ಲ. ಹಿಂಬಾಲಿಸುವ ಮನುಷ್ಯ, ತಪ್ಪಿಸಿಕೊಳ್ಳುವ ಮನುಷ್ಯ, ಯಂತ್ರ, ಇವುಗಳನ್ನು ಒಂದೇ ಗಣಿತದಲ್ಲಿ ಕಾಣುವ ಯತ್ನದಿಂದ 1948ರಲ್ಲಿ ‘ಸೈಬರ್ನೆಟಿಕ್ಸ್’ ಗ್ರಂಥ ಬಂದಿತು. ಆದರೆ ಅದಕ್ಕೂ ಮೊದಲೇ, 1947ರ ಜನವರಿಯಲ್ಲಿ ‘ಅಟ್ಲಾಂಟಿಕ್’ ಮಾಸಪತ್ರಿಕೆಯಲ್ಲಿ ಪ್ರಕಟವಾದ ಪತ್ರವೊಂದರಲ್ಲಿ, ನಿಯಂತ್ರಿತ ಕ್ಷಿಪಣಿಗಳಿಗಾಗಿ ತಮ್ಮ ಯುದ್ಧಕಾಲದ ಬರಹದ ಪ್ರತಿಯನ್ನು ಕೇಳಿದವರಿಗೆ ಅದನ್ನು ಕೊಡಲು ಅವರು ನಿರಾಕರಿಸಿದ್ದರು. ಹೊರನಾಡಿನ ನಮ್ಮ ಓದುಗರಿಗೆ, ಅದರಲ್ಲಿಯೂ ಮುಂಬಯಿಯವರಿಗೆ, ಈ ಕಥೆಯ ಮುಂದಿನ ಭಾಗ ನಮ್ಮ ದೇಶದಲ್ಲಿಯೇ ನಡೆಯಿತೆಂಬುದು ಸ್ವಾರಸ್ಯಕರವಾಗಿ ತೋರಬಹುದು. 1955–56ರಲ್ಲಿ ವೀನರ್ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದಾಗ, ಮುಂಬಯಿಯ ಗಣಿತಜ್ಞ ಪೇಸಿ ಮಸಾನಿ ಅವರ ಜೊತೆ ಸೇರಿ, ಪರಸ್ಪರ ಸಂಬಂಧವುಳ್ಳ ಹಲವು ಚರಗಳನ್ನು ಒಟ್ಟಿಗೆ ಊಹಿಸುವ ಸಿದ್ಧಾಂತವನ್ನು ಬೆಳೆಸಿದರು. ಆ ಪ್ರಬಂಧಗಳು 1957 ಮತ್ತು 1958ರಲ್ಲಿ ಪ್ರಕಟವಾದವು. ಹೊಸ ಅಳತೆ ಬಂದಂತೆಲ್ಲ ಹಳೆಯ ಊಹೆಯನ್ನು ತಿದ್ದುತ್ತ ಹೋಗುವ ಕಾಲ್ಮನ್ ವಿಧಾನ 1960ರಲ್ಲಿ ಬಂದ ಮೇಲೆ ಈ ಶಾಖೆಯ ಬಳಕೆ ಬಹಳ ಹಬ್ಬಿತು.

ತಿದ್ದುತ್ತ ಹೋಗುವುದೆಂಬ ಈ ವಿಚಾರವನ್ನು ಎಸೆದ ಕಾಯಕ್ಕೇ ಅನ್ವಯಿಸಿದರೆ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ. ಕೈಬಿಟ್ಟ ಬಾಣವನ್ನು ತಿದ್ದಲಾಗದು. ಹಾರುವ ನವಿಲು ತನ್ನ ದಾರಿಯನ್ನು ತಿದ್ದಿಕೊಳ್ಳಬಲ್ಲದು. ಗುರಿ ಈಗಿರುವ ಕಡೆಗೇ ಸದಾ ಮುಖಮಾಡಿ ಬೆನ್ನಟ್ಟುವುದು ಒಂದು ಮಾರ್ಗ. ಹಡಗನ್ನು ಹೀಗೆ ಬೆನ್ನಟ್ಟುವ ಹಡಗಿನ ಬಾಗಿದ ದಾರಿಯನ್ನು ಫ್ರಾನ್ಸಿನ ಪಿಯರ್ ಬುಗೇ 1732ರಲ್ಲಿಯೇ ಲೆಕ್ಕ ಹಾಕಿದ್ದನು. ಇದು ಸುತ್ತುಬಳಸಿನ ದಾರಿ. ಇದಕ್ಕಿಂತ ಉತ್ತಮವಾದ ಮಾರ್ಗದ ಸುಳಿವು ಲೀಲಾವತಿಯ ಚಿತ್ರದಲ್ಲಿಯೇ ಅಡಗಿದೆ. ನವಿಲು ಹಾರಿದ 5 ಮೊಳದ ಬಳಿಕ, 10 ಮೊಳದ ಬಳಿಕ, ಅದರ ಸ್ಥಾನಕ್ಕೂ ಹಾವಿನ ಸ್ಥಾನಕ್ಕೂ ಗೆರೆ ಎಳೆದು ನೋಡಬೇಕು. ಮೊದಲ ಗೆರೆ ಅಡ್ಡಕ್ಕೆ 27, ಇಳಿತಕ್ಕೆ 9. ಎರಡನೆಯದು 18 ಮತ್ತು 6. ಮೂರನೆಯದು 9 ಮತ್ತು 3. ಗೆರೆಗಳು ಗಿಡ್ಡವಾಗುತ್ತವೆ, ಓರೆ ಮಾತ್ರ ಬದಲಾಗುವುದಿಲ್ಲ. ಎಂದರೆ ನವಿಲಿನ ಕಣ್ಣಿಗೆ ಹಾವು ಸದಾ ಒಂದೇ ದಿಕ್ಕಿನಲ್ಲಿ ನಿಂತಂತೆ ಕಾಣುತ್ತದೆ, ದೊಡ್ಡದಾಗುತ್ತ ಬರುತ್ತದೆ ಅಷ್ಟೆ.

ನಾವಿಕರಿಗೆ ಇದು ಎಚ್ಚರಿಕೆಯ ಸೂಚನೆ. ಸಮೀಪಿಸುತ್ತಿರುವ ಹಡಗಿನ ದಿಕ್ಕು ದಿಕ್ಸೂಚಿಯಲ್ಲಿ ಬದಲಾಗದಿದ್ದರೆ ಡಿಕ್ಕಿಯ ಅಪಾಯವಿದೆಯೆಂದು 1972ರ ಅಂತರರಾಷ್ಟ್ರೀಯ ನಿಯಮಗಳು ಹೇಳುತ್ತವೆ. ಬೆನ್ನಟ್ಟುವವನಿಗೆ ಇದೇ ಸೂತ್ರ ತಿರುವುಮುರುವಾಗಿ ಉಪಯೋಗಕ್ಕೆ ಬರುತ್ತದೆ: ದೃಷ್ಟಿರೇಖೆ ಎಷ್ಟು ತಿರುಗಿತೋ ಅದರ ಕೆಲವು ಪಟ್ಟು ತನ್ನ ದಾರಿಯನ್ನು ಅದೇ ಕಡೆಗೆ ತಿರುಗಿಸಿದರೆ, ಗುರಿಯ ವೇಗ, ದೂರ, ಉದ್ದೇಶ ಯಾವುದನ್ನೂ ತಿಳಿಯದೆಯೇ ಸಂಧಿಬಿಂದುವನ್ನು ಮುಟ್ಟಬಹುದು. ನಿಯಂತ್ರಿತ ಕ್ಷಿಪಣಿಗಳು ಬಹುಮಟ್ಟಿಗೆ ಈ ನಿಯಮವನ್ನೇ ಪಾಲಿಸುತ್ತವೆ. ಆ ‘ಕೆಲವು ಪಟ್ಟು’ ಎಂಬುದು ಅವುಗಳಲ್ಲಿ ಸಾಮಾನ್ಯವಾಗಿ 3ರಿಂದ 5. ಕ್ರಿಕೆಟ್ ಮೈದಾನದಲ್ಲಿ ಎತ್ತರದ ಕ್ಯಾಚ್ ಹಿಡಿಯಲು ಓಡುವ ಆಟಗಾರನೂ ಚೆಂಡು ಬೀಳುವ ಸ್ಥಳವನ್ನು ಲೆಕ್ಕ ಹಾಕಿ ಓಡುವುದಿಲ್ಲ. ಚೆಂಡನ್ನು ನೋಡುವ ಕಣ್ಣಿನ ಏರುಕೋನ ಒಂದು ನಿಯತ ಕ್ರಮದಲ್ಲಿ ಬದಲಾಗುವಂತೆ ತನ್ನ ಓಟದ ವೇಗವನ್ನು ಹೊಂದಿಸಿಕೊಳ್ಳುತ್ತಾನೆಂದು ಮೆಕ್ಲಾಯ್ಡ್ ಮತ್ತು ಡೀನೆಸ್ 1996ರಲ್ಲಿ ತೋರಿಸಿದರು.

ಒಂದನೆಯ ಭಾಸ್ಕರನ ಗಿಡುಗದ ವಿಷಯಕ್ಕೂ ಈಗ ಉತ್ತರ ದೊರೆತಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪೆರೆಗ್ರಿನ್ ಡೇಗೆಗಳ ಮೇಲೆ ಜಿಪಿಎಸ್ ಉಪಕರಣಗಳನ್ನೂ ಪುಟ್ಟ ಕ್ಯಾಮೆರಾಗಳನ್ನೂ ಕಟ್ಟಿ, ಅವು ಎರಗುವ ದಾರಿಯನ್ನು ಅಳೆದು 2017ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಡೇಗೆ ತನ್ನ ಬೇಟೆಯ ಈಗಿನ ಸ್ಥಾನದತ್ತ ಹಾರುವುದಿಲ್ಲ, ಮುಂಗುರಿಯನ್ನು ಮೊದಲೇ ನಿಶ್ಚಯಿಸಿಕೊಂಡೂ ಹಾರುವುದಿಲ್ಲ. ದೃಷ್ಟಿರೇಖೆ ತಿರುಗಿದಷ್ಟಕ್ಕೆ ಅನುಪಾತವಾಗಿ ತನ್ನ ದಾರಿಯನ್ನು ತಿರುಗಿಸುತ್ತ ಹೋಗುತ್ತದೆ. ಅದರ ಗುಣಕ ಸಾಮಾನ್ಯವಾಗಿ 3ಕ್ಕಿಂತ ಕಡಿಮೆ. ಕ್ಷಿಪಣಿಗಿಂತ ಎಷ್ಟೋ ನಿಧಾನವಾಗಿ ಹಾರುವ ಹಕ್ಕಿಗೆ ಅಷ್ಟೇ ತಕ್ಕುದೆಂದು ಆ ಸಂಶೋಧಕರು ವಿವರಿಸಿದ್ದಾರೆ.